ಗ್ರೂಪಿನಲ್ಲಿದ್ದವರಿಗೆಲ್ಲ ಒಂದೇ ಶಿಕ್ಷೆಯೇ?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊ ಹಂಚುತ್ತಿದ್ದ ಗ್ರೂಪೊಂದು ಸಿಕ್ಕಿಬಿದ್ದಿದೆ ಅಂದ ತಕ್ಷಣ ಜನ ಕೇಳುವುದು ಒಂದೇ: ಎಲ್ಲರನ್ನೂ ಒಳಗೆ ಹಾಕಿದ್ರಾ? ಸರ್ಕಾರದ ಪರ ವಾದಿಸುವ ನನಗೂ ಆ ಸಿಟ್ಟು ಇದೆ. ಆದರೆ ಕೋರ್ಟು ಗ್ರೂಪಿಗೆ ಶಿಕ್ಷೆ ಕೊಡುವುದಿಲ್ಲ, ಒಬ್ಬೊಬ್ಬರಿಗೆ ಕೊಡುತ್ತದೆ. ಚಿತ್ರೀಕರಿಸಿದವರು ಯಾರು, ದುಡ್ಡಿಗೆ ಮಾರಿದವರು ಯಾರು, ಮುಂದೆ ಕಳಿಸಿದವರು ಯಾರು, ಇಟ್ಟುಕೊಂಡವರು ಯಾರು ಅಂತ ನಾವು ಬಿಡಿಸಿ ತೋರಿಸಬೇಕು. ಬೇರೆಯವರು ಹಾಕಿದ ಪೋಸ್ಟಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು ಇಂಥದ್ದೇ ಕೇಸಿನಲ್ಲಿ. ನನಗೆ ಅದು ಸರಿ ಅನ್ನಿಸುತ್ತದೆ. ಅಡ್ಮಿನ್ ದುಡ್ಡು ಪಡೆದು ಸದಸ್ಯರನ್ನು ಸೇರಿಸಿಕೊಂಡಿದ್ದರೆ ಆ ಮಾತೇ ಬೇರೆ. ಅದನ್ನು ಚಾಟಿನಿಂದ, ಯುಪಿಐ ದಾಖಲೆಯಿಂದ ಸಾಬೀತು ಮಾಡಬೇಕು.

ಇಂಥ ಎಷ್ಟೋ ಕೇಸುಗಳು ಶುರುವಾಗುವುದು ಅಮೆರಿಕದಿಂದ. ಅಲ್ಲಿನ ಇಂಟರ್ನೆಟ್ ಕಂಪನಿಗಳು ಇಂಥ ಫೈಲು ಕಂಡರೆ ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ತಿಳಿಸಬೇಕು. 2019ರ ಒಪ್ಪಂದದ ಪ್ರಕಾರ ಆ ಮಾಹಿತಿ ನಮ್ಮ ಎನ್‌ಸಿಆರ್‌ಬಿಗೆ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಬರುತ್ತದೆ, ಅಲ್ಲಿಂದ ರಾಜ್ಯಗಳಿಗೆ. ನಮ್ಮಲ್ಲಿ ಕೊನೆಗೆ ಅದು ಬಂದು ಸೇರುವುದು ಸಾಮಾನ್ಯವಾಗಿ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ. ಕೈಗೆ ಸಿಗುವುದು ಬಹುತೇಕ ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ನಂಬರು), ಒಂದು ಸಮಯ. ಆ ಸಮಯ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಹೊತ್ತಿಗೆ ಎಷ್ಟೋ ಗ್ರಾಹಕರಿಗೆ ಹಂಚಿರುತ್ತವೆ. ಹಾಗಾಗಿ ಅವರಲ್ಲಿ ಒಬ್ಬೊಬ್ಬರ ಸಂಪರ್ಕವನ್ನು ಬೇರ್ಪಡಿಸುವ ಪೋರ್ಟ್ ನಂಬರೂ ಬೇಕು. ಆ ಐದೂವರೆ ಗಂಟೆ ಮರೆತರೆ ಪೊಲೀಸರು ಬೇರೆ ಯಾರದೋ ಮನೆ ಬಾಗಿಲು ತಟ್ಟುತ್ತಾರೆ. ಇಂಥ ಆರೋಪ ಹೊತ್ತು ಪೊಲೀಸರು ಮನೆಗೆ ಬಂದರೆ ಆ ಕುಟುಂಬ ಊರಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಅದಕ್ಕೇ ಚಾರ್ಜ್‌ಶೀಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಲೆಕ್ಕವನ್ನು.

ಆಮೇಲೆ ಫೋನು. ಜಪ್ತಿ ಮಾಡಿದ ಮೇಲೆ 'ಒಳಗೇನಿದೆ ನೋಡೋಣ' ಅಂತ ಯಾರೋ ತೆರೆದು ತಡಕಾಡಿದರೆ ಫೈಲುಗಳ ಸಮಯ ಬದಲಾಗಬಹುದು. ಆರೋಪಿ ಪರ ವಕೀಲರಿಗೆ ಅಷ್ಟು ಸಾಕು. ಫೋನನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿ, ಮಹಜರು ಮಾಡಿ, ಸೀಲ್ ಹಾಕಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆಯಲೇಬೇಕು, ತಜ್ಞರ ಸಹಿಯೂ ಇರಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬೇರೆಯೇ ಆಗಿಬಿಡುತ್ತದೆ.

'ನಾನು ಯಾರಿಗೂ ಕಳಿಸಿಲ್ಲ, ಸುಮ್ನೆ ನೋಡಿದೆ' ಅನ್ನುವುದು ಆರೋಪಿಗಳ ಮಾಮೂಲಿ ವಾದ. 2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪಿತ್ತು. ಅದೇ ವರ್ಷದ ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ನೋಡಿದ್ದಷ್ಟೇ ಅಪರಾಧವಲ್ಲ ಅಂತ ಒಂದು ಕೇಸು ರದ್ದು ಮಾಡಿತು. ಐಟಿ ಕಾಯ್ದೆಯ 67ಬಿ ಕಲಮಿನ ಬಿ ಉಪಕಲಂ ಗಮನಿಸಿಲ್ಲ ಎಂದು ಗೊತ್ತಾಗಿ ಕೆಲವೇ ದಿನಗಳಲ್ಲಿ ಆದೇಶವನ್ನು ತಾನೇ ವಾಪಸ್ ಪಡೆಯಿತು. ಹುಡುಕುವುದು, ಬ್ರೌಸ್ ಮಾಡುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಆ ಉಪಕಲಮಿನಲ್ಲಿದೆ. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ತೀರ್ಪನ್ನು ತಳ್ಳಿಹಾಕಿತು. ಫೈಲು ಇಟ್ಟುಕೊಂಡು, ಅಳಿಸದೆ, ದೂರನ್ನೂ ಕೊಡದೆ ಇದ್ದರೆ ಹಂಚುವ ಉದ್ದೇಶವಿತ್ತು ಎಂದು ಅದರಿಂದಲೇ ಊಹಿಸಬಹುದು ಎಂದಿತು.

ಇನ್ನು ಶಿಕ್ಷೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 15(1)ಕ್ಕೆ, ಅಂದರೆ ಹಂಚುವ ಉದ್ದೇಶದಿಂದ ಫೈಲು ಇಟ್ಟುಕೊಂಡು ಅಳಿಸದೆ, ದೂರನ್ನೂ ಕೊಡದೆ ಇದ್ದುದಕ್ಕೆ, ಮೊದಲ ಸಲ ಬರೀ ದಂಡ, ಕನಿಷ್ಠ 5,000 ರೂಪಾಯಿ. ವ್ಯಾಪಾರಕ್ಕೆ ಇಟ್ಟುಕೊಂಡಿದ್ದರೆ ಮೊದಲ ಸಲ 3ರಿಂದ 5 ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಗುವನ್ನೇ ಬಳಸಿ ಚಿತ್ರೀಕರಿಸಿದವನಿಗೆ 14ನೇ ಕಲಂ ಪ್ರಕಾರ ಕನಿಷ್ಠ 5 ವರ್ಷ. 67ಬಿಗೆ ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಎರಡೂ ಕಾಯ್ದೆ ಅನ್ವಯಿಸಿದರೆ ಜಾಸ್ತಿ ಶಿಕ್ಷೆ ಯಾವುದೋ ಅದನ್ನೇ ಕೊಡಬೇಕು ಅನ್ನುತ್ತದೆ ಪೋಕ್ಸೊದ 42ನೇ ಕಲಂ. ಚಾರ್ಜ್‌ಶೀಟಿನಲ್ಲಿ 67ಬಿ ಬಿಟ್ಟುಹೋಗಿ, ಅದನ್ನು ಯಾರೂ ಸೇರಿಸದಿದ್ದರೆ, ಅಪರಾಧಿ ದಂಡ ಕಟ್ಟಿ ಮನೆಗೆ ಹೋಗಬಹುದು. ಇದು ನನ್ನನ್ನು ತುಂಬಾ ಕಾಡುವ ವಿಷಯ.

ಶಿಕ್ಷೆಯ ಪ್ರಮಾಣದ ಮೇಲೆ ವಾದ ನಡೆಯುವಾಗ ಆರೋಪಿಯ ವಯಸ್ಸು, ಓದು, ಮನೆಯವರ ಕಷ್ಟ ಎಲ್ಲ ಕೋರ್ಟಿನ ಮುಂದೆ ಬರುತ್ತವೆ. ಬರಲಿ, ಅದು ಅವನ ಹಕ್ಕು. ವಿಡಿಯೊದಲ್ಲಿರುವ ಮಗು ಮಾತ್ರ ಎಷ್ಟೋ ಸಲ ಯಾರು, ಎಲ್ಲಿಯದು ಅಂತಲೂ ಗೊತ್ತಿರುವುದಿಲ್ಲ. ಅದರ ಪರವಾಗಿ ನಾನು ಹೇಳಬೇಕಾದ್ದು ಇಷ್ಟು: ಎಷ್ಟು ದಿನ ಇಟ್ಟುಕೊಂಡಿದ್ದ, ಎಷ್ಟು ಜನಕ್ಕೆ ಕಳಿಸಿದ, 'ಇನ್ನೂ ಇದ್ರೆ ಕಳಿಸು' ಅಂತ ಕೇಳಿದ್ದನಾ. ಆ ಒಂದು ಸಾಲಿನ ಮೆಸೇಜೇ ನನ್ನ ಲೆಕ್ಕದಲ್ಲಿ ಫೈಲುಗಳ ಸಂಖ್ಯೆಗಿಂತ ದೊಡ್ಡದು. ಕೇಳುವವನಿದ್ದರೆ ತಾನೇ ಇನ್ನೊಂದು ಮಗುವನ್ನು ಚಿತ್ರೀಕರಿಸುವವನು ಹುಟ್ಟುವುದು? ಮಗುವಿನ ಗುರುತು ಸಿಕ್ಕಿದ್ದರೆ ಪೋಕ್ಸೊ 33(8)ರಡಿ ಪರಿಹಾರವನ್ನೂ ಕೇಳಲೇಬೇಕು.

ನಿಮ್ಮ ಫೋನಿಗೂ ಇಂಥದ್ದೊಂದು ಬಂದುಬಿಡಬಹುದು. 'ನೋಡಿ, ಎಂಥಾ ಅನ್ಯಾಯ' ಅಂತ ಸಿಟ್ಟಿನಿಂದ ಕೂಡ ಯಾರಿಗೂ ಕಳಿಸಬೇಡಿ. ಲಿಂಕ್ ಮುಚ್ಚಿದರಷ್ಟೇ ಸಾಲದು, ದೂರನ್ನೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತಿರದ ಠಾಣೆಗೆ ಹೋಗಬಹುದು, 1098ಕ್ಕೆ ಕರೆ ಮಾಡಬಹುದು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ದಾಖಲಿಸಬಹುದು.