ಪದ ಪರಿಚಯ: ರೋಮ್‌ಕಾಮ್

ರೊಮ್ಯಾನ್ಸ್‌ನ ಅರ್ಧ, ಕಾಮಿಡಿಯ ಅರ್ಧ ಸೇರಿಸಿ ಹೊಲಿದ ಪದ ರೋಮ್‌ಕಾಮ್. ಸಿನಿಮಾ ಮಾತಿನಲ್ಲಿ ನಮಗೆ ಪರಿಚಯವಾದ ಈ ಪದ ಈಗ ಕಾದಂಬರಿಗಳ ಬೆನ್ನುಪುಟದಲ್ಲೂ ಕಾಣಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದು ಹೆಸರು ಇನ್ನೂ ಗಟ್ಟಿಯಾಗಿ ಕೂತಿಲ್ಲ. ‘ಲಘು ಪ್ರಣಯ ಕಾದಂಬರಿ’ ಎಂದರೆ ವಿಮರ್ಶಕರು ಮೂಗು ಮುರಿದ ಹಾಗೆ ಕೇಳುತ್ತದೆ, ‘ಲವ್ ಸ್ಟೋರಿ’ ಎಂದರೆ ಕಂಡದ್ದೆಲ್ಲ ಅದರೊಳಗೆ ಬಂತು. ಲೈಬ್ರರಿಗೆ ಬಂದವರು ‘ಹಗುರವಾಗಿ ಓದೋಕೆ ಏನಾದ್ರೂ ಇದ್ರೆ ಕೊಡಿ’ ಎನ್ನುತ್ತಾರಲ್ಲ, ಆ ‘ಹಗುರ’ವೇ ಈ ಪದಕ್ಕೆ ಹೆಚ್ಚು ಹತ್ತಿರ.

ಪ್ರೇಮಕಥೆಗಳೆಲ್ಲ ರೊಮ್ಯಾನ್ಸ್ ಆಗುವುದಿಲ್ಲ. 1980ರಲ್ಲಿ ಶುರುವಾದ ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಹಾಕಿಕೊಂಡ ಷರತ್ತು ಎರಡೇ. ಪ್ರೀತಿಯೇ ಕಥೆಯ ನಡುಗಂಬವಾಗಿರಬೇಕು, ಕೊನೆ ಮನಸ್ಸು ತುಂಬುವ, ಭರವಸೆಯ ಕೊನೆಯಾಗಿರಬೇಕು. ಎರಡನೆಯ ಷರತ್ತಿನಲ್ಲಿ ರೋಮಿಯೊ–ಜೂಲಿಯೆಟ್ ನಪಾಸು, ದೇವದಾಸನೂ ನಪಾಸು. ಕಾಮಿಡಿ ಸೇರಿದರೆ ಮೂರನೆಯ ಷರತ್ತು ಬರುತ್ತದೆ: ನಗು ಹುಟ್ಟಬೇಕಾದ್ದು ಆ ಇಬ್ಬರ ನಡುವೆ. ನಾಯಕನ ಗೆಳೆಯನಿಗೆ ಬೇರೆಯೇ ಕಾಮಿಡಿ ಟ್ರ್ಯಾಕ್ ಕೊಟ್ಟು, ಅದನ್ನು ಪೂರ್ತಿ ಕಿತ್ತರೂ ಕಥೆ ಹಾಗೇ ನಡೆಯುತ್ತದೆ ಎಂದಾದರೆ ಅದು ಪ್ರೇಮಕಥೆಯ ಜತೆಗಿಟ್ಟ ಉಪ್ಪಿನಕಾಯಿ, ರೋಮ್‌ಕಾಮ್ ಅಲ್ಲ.

ಹೊಸಬರ ಮೊದಲ ತಕರಾರು ಒಂದೇ: ‘ಕೊನೆಗೆ ಒಂದಾಗ್ತಾರೆ ಅಂತ ಮೊದಲೇ ಗೊತ್ತಲ್ಲ, ಮತ್ಯಾಕೆ ಓದಬೇಕು?’ ತಾಳಮದ್ದಳೆಗೆ ಹೋಗುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಸಂಧಾನ ಮುರಿದುಬೀಳುತ್ತದೆ ಎಂದು ಗೊತ್ತಿದ್ದವರೇ ಕೃಷ್ಣ–ಕೌರವರ ಮಾತು ಕೇಳಲು ರಾತ್ರಿಯಿಡೀ ಕೂರುತ್ತಾರೆ. ಪ್ರಸಂಗ ಹಳೆಯದು, ಅರ್ಥಗಾರಿಕೆ ಹೊಸದು. ರೋಮ್‌ಕಾಮ್ ಅಭಿಮಾನಿಯ ಸುಖವೂ ಇಂಥದ್ದೇ. ಏನಾಗುತ್ತದೆ ಎಂಬ ಆತಂಕ ಇಳಿದ ಮೇಲೆಯೇ ಹೇಗಾಗುತ್ತದೆ ಎಂಬುದರ ಕಡೆ ಕಣ್ಣು ಹೊರಳುವುದು.

ಇದು ಹೊರಗಿನಿಂದ ಬಂದ ಸರಕು ಎಂದುಕೊಳ್ಳಬೇಕಿಲ್ಲ. ಸಂಸ್ಕೃತದಲ್ಲಿ ‘ನಾಟಿಕೆ’ ಎಂಬ ಪ್ರಕಾರವೇ ಇದೆ: ನಾಲ್ಕು ಅಂಕ, ಅಂತಃಪುರ, ಹೆಂಗಸರ ಪಾತ್ರಗಳೇ ಹೆಚ್ಚು, ಶೃಂಗಾರ, ನಗು, ಸುಖಾಂತ. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ ಇದರ ಮಾದರಿ. ರಾಣಿಯ ಪರಿಚಾರಿಕೆ ಸಾಗರಿಕೆ ಗುಟ್ಟಾಗಿ ಉದಯನ ರಾಜನ ಚಿತ್ರ ಬರೆಯುತ್ತಾಳೆ. ಗೆಳತಿ ಸುಸಂಗತೆ ಪಕ್ಕದಲ್ಲೇ ಸಾಗರಿಕೆಯ ಚಿತ್ರ ಬರೆದು ಕಾಲೆಳೆಯುತ್ತಾಳೆ. ಅವರ ಮಾತು ಕೇಳಿಸಿಕೊಂಡಿದ್ದ ಸಾರಿಕೆ ಹಕ್ಕಿ ಪಂಜರದಿಂದ ಹಾರಿಹೋಗಿ, ರಾಜನ ಕಿವಿಗೆ ಬೀಳುವಂತೆ ಅದನ್ನೆಲ್ಲ ಒಪ್ಪಿಸುತ್ತದೆ. ಮುಂದೆ ಸಾಗರಿಕೆ ರಾಣಿಯ ವೇಷದಲ್ಲಿ ರಾಜನನ್ನು ಕಾಣುವ ಸಂಚು ನಡೆಯುತ್ತದೆ. ಸುಳಿವು ಸಿಕ್ಕಿದ ರಾಣಿ ವಾಸವದತ್ತೆ ಮುಸುಕು ಹೊದ್ದು ತಾನೇ ಅಲ್ಲಿಗೆ ಬರುತ್ತಾಳೆ, ರಾಜ ಇವಳೇ ಸಾಗರಿಕೆ ಎಂದುಕೊಂಡು ಹಾಡಿ ಹೊಗಳುತ್ತಾನೆ. ಆಳು ತಪ್ಪಿದ ಮೆಸೇಜು ಇಂದಿನ ಕಾದಂಬರಿಗಳಲ್ಲಿ ಮಾಡುವ ಕೆಲಸವನ್ನು ಅಲ್ಲಿ ಹಕ್ಕಿಯೂ ಮುಸುಕೂ ಮಾಡಿವೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ, ಚಿಕ್ಕದೇವರಾಜ ಒಡೆಯರ ಕಾಲದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಈ ‘ರತ್ನಾವಳಿ’ಯ ರೂಪಾಂತರವೇ, ಉದಯನನ ಜಾಗಕ್ಕೆ ಕೃಷ್ಣ ಬಂದಿದ್ದಾನೆ. ಅಂದರೆ ಕನ್ನಡ ನಾಟಕದ ಲೆಕ್ಕ ಶುರುವಾಗುವುದೇ ಹಗುರ ಪ್ರಣಯದಿಂದ. (ಮನೆಯಲ್ಲಿ ರಾಣಿ ಇರುವಾಗಲೇ ಇನ್ನೊಬ್ಬಳಿಗೆ ಮನಸೋಲುವ ನಾಯಕನನ್ನು ಇಂದಿನ ಓದುಗಿಯರು ಎರಡನೇ ಅಧ್ಯಾಯಕ್ಕೇ ಮನೆಗೆ ಕಳಿಸುತ್ತಾರೆ, ಆ ಮಾತು ಬೇರೆ.)

ಈ ಪ್ರಕಾರದ ನಿಜವಾದ ಕಸುಬು ಇರುವುದು ತಡೆಯಲ್ಲಿ, ಅಂದರೆ ಇಬ್ಬರೂ ಒಂದಾಗದಂತೆ ಹಿಡಿದಿಡುವ ಅಡ್ಡಿಯಲ್ಲಿ. ರೊಮ್ಯಾನ್ಸ್ ಕಾದಂಬರಿಗೆ ಬೇಕಾದ ಎಂಟು ಅಂಗಗಳನ್ನು ಪಮೇಲಾ ರೀಜಿಸ್ ಎಂಬ ವಿದ್ವಾಂಸೆ 2003ರ ಪುಸ್ತಕದಲ್ಲಿ ಹೆಸರಿಸಿದ್ದಾರೆ. ಭೇಟಿ, ಆಕರ್ಷಣೆ, ಪ್ರೀತಿ ಹೇಳಿಕೊಳ್ಳುವುದು ಇವೆಲ್ಲ ಪಟ್ಟಿಯಲ್ಲಿವೆ, ಆದರೆ ಕಥೆಯನ್ನು ಮುನ್ನೂರು ಪುಟ ಎಳೆಯುವುದು ತಡೆಯೇ. ಹಗುರ ಕಥೆಯ ತಡೆಗೆ ಒಂದು ಅಳತೆ ಉಂಟು. ಕೊಲೆ, ಮಾರಣಾಂತಿಕ ಕಾಯಿಲೆ, ಜಾತಿಯ ಹೆಸರಲ್ಲಿ ಕತ್ತಿ ಹಿರಿಯುವ ಊರು ಬಂದರೆ ಅದು ದೊಡ್ಡದಾಯಿತು, ಅದರ ಮುಂದೆ ನಗು ಅಸಹ್ಯವಾಗುತ್ತದೆ. ಫೋನು ಎತ್ತಿ ಎರಡು ಮಾತಾಡಿದರೆ ಮುಗಿಯುವ ತಪ್ಪು ತಿಳಿವಳಿಕೆ ತೀರಾ ಚಿಕ್ಕದು, ಅದಕ್ಕೆ ಓದುಗರು ರೇಗುತ್ತಾರೆ. ಸರಿಯಾದ ತಡೆ ಮಾತಿನಿಂದಲೇ ಕರಗುವಂಥದ್ದು, ಆದರೆ ಆ ಮಾತು ಆಡದಿರಲು ಇಬ್ಬರಿಗೂ ಅವರವರ ಸ್ವಭಾವದಲ್ಲೇ ಕಾರಣ ಇರುತ್ತದೆ. ಒಂದೇ ಛತ್ರದಲ್ಲಿ ಒಂದೇ ಮದುವೆ ಎನ್ನಿ. ಅಡುಗೆ ಕಂಟ್ರಾಕ್ಟು ಅವಳದು, ಡೆಕೊರೇಷನ್ ಅವನದು. ಹೋದ ಸಲ ಅವನ ಹೂವಿನ ಕಮಾನು ಅವಳ ಬಡಿಸುವ ದಾರಿಗೆ ಅಡ್ಡವಾಗಿ ಸಾರಿನ ಬಕೆಟ್ಟು ಉರುಳಿತ್ತು. ಅವಳಿಗೆ ತಪ್ಪಾಯಿತು ಎನ್ನಲು ಬಾರದು, ಅವನಿಗೆ ತಮಾಷೆ ಬಿಟ್ಟು ಬೇರೆ ಮಾತು ಬಾರದು. ಇಷ್ಟು ಸಾಕು, ಖಳನಾಯಕ ಬೇಕಿಲ್ಲ.

ಇನ್ನು ಮಾತು. ಇಲ್ಲಿ ಕನ್ನಡದ ಕೈಯಲ್ಲಿ ಇಂಗ್ಲಿಷಿಗಿಲ್ಲದ ಹತಾರ ಇದೆ: ‘ನೀವು’ ಮತ್ತು ‘ನೀನು’. ಮಹಡಿ ಮನೆಯ ಹುಡುಗ ಪ್ಯಾಂಟು ಹಿಂಡದೆ ಒಣಹಾಕಿದ್ದಾನೆ, ನೀರು ಕೆಳಗಿನ ಬಾಲ್ಕನಿಯ ಸಂಡಿಗೆ ಮೇಲೆ ತೊಟ್ಟಿಕ್ಕುತ್ತಿದೆ ಎನ್ನಿ.

“ರೀ, ಮೇಲ್ಗಡೆ ಮನೆಯವ್ರೇ! ನಿಮ್ ಪ್ಯಾಂಟು ನಮ್ ಸಂಡಿಗೆಗೆ ಸ್ನಾನ ಮಾಡಿಸ್ತಿದೆ.”

“ಸಾರಿ ರೀ. ಉಪ್ಪು ಕಮ್ಮಿಯಾಗಿದ್ರೆ ಹೇಳಿ, ತಂದ್ಕೊಡ್ತೀನಿ.”

ಇದು ಹತ್ತನೇ ಪುಟ. ಇನ್ನೂರನೇ ಪುಟದಲ್ಲಿ ಅದೇ ಬಾಲ್ಕನಿ, ಮಳೆಯ ಮೊದಲ ಹನಿ.

“ಮಳೆ ಬಂತು, ಸಂಡಿಗೆ ಎತ್ಕೋ, ಬೇಗ!”

“ಏನಂದ್ರಿ?”

“ಎತ್ಕೊಳ್ಳಿ ಅಂದೆ.”

“ಅಲ್ಲ. ಅದಕ್ಕೆ ಮುಂಚೆ.”

ಯಾರೂ ಯಾರಿಗೂ ‘ಐ ಲವ್ ಯೂ’ ಅಂದಿಲ್ಲ. ‘ಎತ್ಕೊಳ್ಳಿ’ಯಿಂದ ‘ಳ್ಳಿ’ ಉದುರಿತು, ಅಷ್ಟೆ. ಅದು ಸಿಡಿಯಬೇಕಾದರೆ ಹಿಂದಿನ ನೂರತೊಂಬತ್ತು ಪುಟಗಳಲ್ಲಿ ಒಮ್ಮೆಯೂ ಏಕವಚನ ನುಸುಳಿರಬಾರದು. ಕೈತಪ್ಪುವುದು ಇಲ್ಲೇ: ಲೇಖಕರು ಮೂರನೇ ಭೇಟಿಗೇ ‘ನೀನು’ ಶುರುಮಾಡಿ ಈ ಗಳಿಗೆಯನ್ನು ಪುಕ್ಕಟೆ ಖರ್ಚು ಮಾಡಿಬಿಡುತ್ತಾರೆ. ಧಾರವಾಡದ ಕಡೆ ‘ರೀ’ ಬಹುಮಟ್ಟಿಗೆ ಎಲ್ಲರಿಗೂ ಸಲ್ಲುವುದರಿಂದ ಅಲ್ಲಿನ ಕಥೆಗೆ ಲೆಕ್ಕ ಬೇರೆ ಹಾಕಬೇಕು. ಮದುವೆಯಾದ ಮೇಲೆ ಹುಡುಗಿ ಮತ್ತೆ ‘ರೀ’ಗೆ ಮರಳುವ ಮನೆಗಳೂ ಉಂಟು, ಕಥೆ ಮುಗಿದ ಮೇಲಿನ ಎಪಿಲಾಗ್‌ಗೆ ಒಳ್ಳೆಯ ಸಾಮಗ್ರಿ.

ಅಭಿಮಾನಿಗಳು ಮಾತು ಮಾತಿಗೆ ‘ಟ್ರೋಪ್’ ಎನ್ನುತ್ತಾರೆ. ಮತ್ತೆ ಮತ್ತೆ ಬರುವ ಸನ್ನಿವೇಶದ ಅಚ್ಚು ಎಂದು ಅರ್ಥ. ಮೊದಲ ಭೇಟಿಯೇ ಎಡವಟ್ಟಾಗಿ ಮುದ್ದಾಗಿದ್ದರೆ ‘ಮೀಟ್ ಕ್ಯೂಟ್’. ಹಾವು–ಮುಂಗುಸಿಯಂತಿದ್ದವರು ಒಂದಾದರೆ ‘ಎನಿಮೀಸ್ ಟು ಲವರ್ಸ್’; ಶೇಕ್ಸ್‌ಪಿಯರನ ಬಿಯಾಟ್ರಿಸ್ ಮತ್ತು ಬೆನೆಡಿಕ್ ಇದರ ಹಳೇ ಜೋಡಿ. ಮನೆಯವರ ಬಾಯಿ ಮುಚ್ಚಿಸಲು ಜೋಡಿಯಂತೆ ನಟಿಸಿ ನಿಜಕ್ಕೂ ಬಿದ್ದರೆ ‘ಫೇಕ್ ಡೇಟಿಂಗ್’. ನಮ್ಮ ಕಡೆ ಇದು ಕಾಂಟ್ರಾಕ್ಟ್ ಮದುವೆಯಾಗಿ ಟೀವಿ ಧಾರಾವಾಹಿಗಳಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಇದು ಕೆಲಸ ಮಾಡುವುದು ಏಕೆಂದರೆ ಕೈ ಹಿಡಿಯಲು, ಹತ್ತಿರ ಕೂರಲು ಇಬ್ಬರಿಗೂ ಒಂದು ನೆಪ ಸಿಗುತ್ತದೆ, ಒಪ್ಪಿಕೊಳ್ಳುವ ಗೋಜು ಮಾತ್ರ ಇರುವುದಿಲ್ಲ. ಧಾರಾವಾಹಿಯಲ್ಲಿ ಅದೇ ಅಚ್ಚು ಹಳಸುವುದಕ್ಕೂ ಕಾರಣ ಸರಳ: ಕಂತು ಮುಗಿಯಬಾರದು, ಆದ್ದರಿಂದ ತಡೆ ಬೆಳೆಯುತ್ತಲೇ ಹೋಗಬೇಕು. ನೂರನೇ ಕಂತಿಗೆ ಅತ್ತೆ ವಿಷ ಬೆರೆಸುತ್ತಾಳೆ, ರೋಮ್‌ಕಾಮ್ ಅಲ್ಲಿಗೆ ಸತ್ತಿತು.

ಕಾದಂಬರಿಯ ಅಳತೆಯನ್ನು ಹೀಗೆ ಇಟ್ಟುಕೊಳ್ಳಬಹುದು. ಇಂಗ್ಲಿಷಿನಲ್ಲಿ ಮುನ್ನೂರು–ಮುನ್ನೂರೈವತ್ತು ಪುಟ ಸಾಮಾನ್ಯ. ಮೊದಲ ಮೂವತ್ತು ಪುಟದೊಳಗೆ ಭೇಟಿ ಆಗಿರುತ್ತದೆ, ನಡುಪುಟದ ಆಸುಪಾಸಿನಲ್ಲಿ ಇಬ್ಬರೂ ಜಗಳ ಮರೆತು ಒಂದು ಗಳಿಗೆ ನಿಜ ಆಡುತ್ತಾರೆ, ಮುಕ್ಕಾಲು ಭಾಗ ಕಳೆದ ಮೇಲೆ ಎಲ್ಲ ಮುರಿದುಬೀಳುತ್ತದೆ. ಈ ಮುರಿತವನ್ನೇ ‘ಥರ್ಡ್ ಆಕ್ಟ್ ಬ್ರೇಕಪ್’ ಎನ್ನುವುದು. ಅಭಿಮಾನಿಗಳು ಅತಿ ಹೆಚ್ಚು ಬೈಯುವುದೂ ಇದನ್ನೇ, ಅವರು ಬೈಯುವುದರಲ್ಲಿ ನ್ಯಾಯವಿದೆ. ಮೊದಲ ಪುಟದಿಂದ ಇದ್ದ ದೌರ್ಬಲ್ಯವೇ ಮುರಿತಕ್ಕೆ ಕಾರಣವಾದರೆ ಎದೆ ಹಿಂಡುತ್ತದೆ. ಪುಟ ಇನ್ನೂರೈವತ್ತಾಯಿತು ಎಂದು ಹಳೇ ಗೆಳತಿಯೊಬ್ಬಳನ್ನು ಬಾಗಿಲಲ್ಲಿ ತಂದು ನಿಲ್ಲಿಸಿದರೆ ಸ್ಕೇಲು ಹಿಡಿದು ಬರೆದದ್ದು ಕಾಣಿಸುತ್ತದೆ.

ಬೇರೆ ತಪ್ಪುಗಳೂ ಉಂಟು. ಇಬ್ಬರೂ ಒಂದೇ ದನಿಯಲ್ಲಿ ಚುರುಕು ಮಾತಾಡಿದರೆ ಲೇಖಕರೊಬ್ಬರೇ ಟೆನಿಸ್ ಆಡಿದಂತಿರುತ್ತದೆ. ಒಬ್ಬರು ಉದ್ದ ಮಾತಾಡಿದರೆ ಇನ್ನೊಬ್ಬರು ಒಂದೇ ಪದದಲ್ಲಿ ಮುಗಿಸಬೇಕು. ಬೇಡ ಎಂದವಳ ಹಿಂದೆ ಬಿದ್ದು ಪೀಡಿಸುವುದನ್ನು ಛಲ ಎಂದು ತೋರಿಸುವ ಹಳೇ ಚಾಳಿಗೆ ಇಂದಿನ ಓದುಗರಲ್ಲಿ ಮಾಫಿ ಇಲ್ಲ. ದಪ್ಪಗಿರುವ ಗೆಳತಿಯನ್ನೋ ಊರಿನ ಮಾತಾಡುವ ಕೆಲಸದಾಕೆಯನ್ನೋ ನಗೆಪಾಟಲು ಮಾಡಿ ಗಿಟ್ಟಿಸಿದ ನಗುವೂ ಹಾಗೆಯೇ. ಈ ಕಥೆಯಲ್ಲಿ ಪೆಟ್ಟು ಬೀಳಬೇಕಾದ್ದು ಆ ಇಬ್ಬರ ಜಂಬಕ್ಕೆ.

ಹೊಸಬರು ‘ಎಂ ಅಂಡ್ ಬಿ’, ಅಂದರೆ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪ್ರಣಯ ಕಾದಂಬರಿ, ಓದಿ ಹಿಡಿಸಲಿಲ್ಲ ಎಂದು ರೋಮ್‌ಕಾಮನ್ನೂ ಬಿಡುವುದುಂಟು. ಎರಡೂ ಒಂದೇ ಅಲ್ಲ. ಮಿಲ್ಸ್ ಅಂಡ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಎಲ್ಲ ಬಗೆಯ ಪುಸ್ತಕ ಮಾಡುತ್ತಿತ್ತು. ಪ್ರಣಯ ಕಾದಂಬರಿಗೆ ಪೂರ್ತಿ ವಾಲಿದ್ದು 1930ರ ದಶಕದಲ್ಲಿ, ಕಂದು ರಟ್ಟಿನ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಗಳಿಗೆ ಒದಗಿಸುತ್ತ. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಅದನ್ನು ಕೊಂಡಿತು, 2008ರಲ್ಲಿ ಭಾರತದಲ್ಲೇ ಅಂಗಡಿ ತೆರೆಯಿತು. ಅಲ್ಲಿನ ಪುಸ್ತಕಗಳು ಬಹುಪಾಲು ಗಂಭೀರ ಭಾವೋದ್ವೇಗದವು, ನಗು ಅಲ್ಲಿ ಕಡ್ಡಾಯವಲ್ಲ.

ಪುಸ್ತಕ ಆರಿಸುವಾಗ ಮುಖಪುಟ ನಂಬಿ ಮೋಸಹೋಗಬೇಡಿ. ಕಾರ್ಟೂನಿನಂಥ ಬಣ್ಣದ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಹದಿಹರೆಯದವರ ಕೈಗೆ ಕೊಡುವಂಥದ್ದೇ ಇರುತ್ತದೆ ಎಂದಲ್ಲ. ಪರಿಚಯ ಬರಹಗಳಲ್ಲಿ ‘ಕ್ಲೋಸ್ಡ್ ಡೋರ್’ ಎಂದಿದ್ದರೆ ಮಲಗುವ ಮನೆಯ ಬಾಗಿಲು ಓದುಗರ ಮುಖಕ್ಕೆ ಮುಚ್ಚುತ್ತದೆ, ‘ಓಪನ್ ಡೋರ್’ ಎಂದರೆ ಇಲ್ಲ. ‘ಸ್ಲೋ ಬರ್ನ್’ ಎಂದರೆ ಕೆಂಡದ ಮೇಲಿನ ಹಾಲು, ಉಕ್ಕಲು ಹೊತ್ತಾಗುತ್ತದೆ; ಆತುರದವರಿಗೆ ಅದು ಮೊದಲ ಪುಸ್ತಕವಾಗಬಾರದು. ಮೂವತ್ತು ಪುಟದಲ್ಲಿ ಒಮ್ಮೆಯಾದರೂ ತುಟಿ ಅರಳದಿದ್ದರೆ ಮುಚ್ಚಿಡಿ, ಮುಂದೆ ಅರಳುವುದು ಅಪರೂಪ. ಸರಣಿಯಾದರೆ ಸಾಮಾನ್ಯವಾಗಿ ಒಂದೊಂದು ಪುಸ್ತಕಕ್ಕೆ ಒಂದೊಂದು ಜೋಡಿ: ಅಕ್ಕನದು ಮೊದಲನೆಯದು, ತಂಗಿಯದು ಎರಡನೆಯದು. ಎಲ್ಲಿಂದ ಬೇಕಾದರೂ ಹಿಡಿಯಬಹುದು. ಎರಡನೆಯದರಲ್ಲಿ ಅಕ್ಕ–ಭಾವ ಊಟದ ಮೇಜಿನ ಹತ್ತಿರ ಕೂತಿರುವುದು ಕಾಣುತ್ತದೆ, ನಿಜ. ಆದರೆ ಅವರು ಒಂದಾದರೆಂಬುದು ಮೊದಲೂ ಗುಟ್ಟಾಗಿರಲಿಲ್ಲವಲ್ಲ.