ಬೇಕಂತಲೇ ಮಸುಕು ಮಾಡುವ ಲೆನ್ಸು

ಶಿರಸಿಯ ಒಂದು ವಖಾರಿಯಲ್ಲಿ ಚಾಲಿ ಅಡಿಕೆ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ವಿಂಗಡಿಸುವ ಯಂತ್ರಕ್ಕೆ ಕ್ಯಾಮೆರಾ ಕೂರಿಸುತ್ತಿದ್ದೆ. ಬೆಲ್ಟಿನ ಮೇಲೆ ಅಡಿಕೆ ಒಂದೇ ಪದರಾಗಿ ಬರುವುದಿಲ್ಲ. ಒಂದರ ಮೇಲೊಂದು ಏರಿಕೊಂಡು ಬರುತ್ತದೆ. ಮೇಲಿನ ಅಡಿಕೆಯ ಬಿರುಕು ಕೂದಲೆಳೆಯಷ್ಟು ಸ್ಪಷ್ಟ ಕಂಡರೆ, ಕೆಳಗಿನದು ಮಂಜುಮಂಜು.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಕಿರಿದು ಮಾಡಿದರೆ ಎರಡೂ ಫೋಕಸ್‌ಗೆ ಬರುತ್ತವೆ, ನಿಜ. ಆದರೆ ಎಫ್ 2.8ರಿಂದ ಎಫ್ 11ಕ್ಕೆ ಹೋದರೆ (ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು) ಬೆಳಕು ಸುಮಾರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಓಡುವ ಬೆಲ್ಟಿಗೆ ಅದು ಸಾಲದು. ಸಾಫ್ಟ್‌ವೇರಿನಲ್ಲಿ ಶಾರ್ಪ್ ಮಾಡಿ ನೋಡಿದೆ. ಇಲ್ಲದ ಬಿರುಕೆಲ್ಲ ಕಾಣತೊಡಗಿತು! ಹಾಗೆ ದರ್ಜೆ ಇಳಿದರೆ ನಷ್ಟ ಬೆಳೆಗಾರರಿಗೆ, ಅಲ್ವಾ? ಅದನ್ನು ನಾನು ಒಪ್ಪಲಾರೆ.

ನಾವು ಮೊದಲು ಲೆನ್ಸು ಕೊಂಡು, ಆಮೇಲೆ ಸಾಫ್ಟ್‌ವೇರ್ ಬರೆಯಲು ಕೂತಿದ್ದೆವು. ಅದೇ ತಪ್ಪು. ಎರಡನ್ನೂ ಒಟ್ಟಿಗೇ ಯೋಚಿಸಬೇಕು. 1995ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರಾದ ಡೌಸ್ಕಿ ಮತ್ತು ಕ್ಯಾಥಿ ತೋರಿಸಿದ್ದು ಇದನ್ನೇ. ಲೆನ್ಸಿನ ಅಪರ್ಚರಿನ ಜಾಗದಲ್ಲಿ ಅವರು ವಿಶೇಷವಾಗಿ ಬಾಗಿಸಿದ ಒಂದು ತೆಳು ಪಾರದರ್ಶಕ ಬಿಲ್ಲೆ ಇಟ್ಟರು. ಆಗ ಹತ್ತಿರದ್ದು, ದೂರದ್ದು ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ ಮಸುಕಾಗುತ್ತದೆ.

ಸಾಮಾನ್ಯ ಲೆನ್ಸಿನಲ್ಲಿ ಫೋಕಸ್ ತಪ್ಪಿದರೆ ಕೆಲವು ಸಣ್ಣ ವಿವರ ಪೂರ್ತಿ ಅಳಿಸಿಹೋಗುತ್ತದೆ. ಅಳಿಸಿದ್ದನ್ನು ಯಾವ ಲೆಕ್ಕವೂ ವಾಪಸ್ ತರದು. ಈ ಬಿಲ್ಲೆಯ ಮಸುಕಿನಲ್ಲಿ ವಿವರ ಮಂಕಾಗುತ್ತದೆ, ಆದರೆ ಉಳಿದಿರುತ್ತದೆ. ಆ ಮಸುಕಿನ ಆಕಾರ ಗೊತ್ತಿದ್ದರೆ ಒಂದೇ ಲೆಕ್ಕದಲ್ಲಿ ಇಡೀ ಚಿತ್ರದ ಮಸುಕನ್ನು ತೆಗೆಯಬಹುದು.

ಆ ಆಕಾರವನ್ನು ಸುಮ್ನೆ ಊಹಿಸುವಂತಿಲ್ಲ, ಅಳೆಯಬೇಕು. ಅಂಥ ಬಿಲ್ಲೆಯನ್ನು ನಮ್ಮ ಲೆನ್ಸಿಗೂ ಕೂರಿಸಿ, ತಗಡಿಗೆ ಸೂಜಿಮೊನೆಯ ತೂತು ಹಾಕಿ, ಹಿಂದೆ ಎಲ್‌ಇಡಿ ಇಟ್ಟು ಫೋಟೋ ತೆಗೆದೆ. ಚುಕ್ಕಿ ಬದಲು ಪರದೆಯ ಮೇಲೆ ಮೂಲೆಮಟ್ಟದಂಥ ಆಕಾರ ಬಂತು, ಎರಡು ಬಾಲ. ತಗಡನ್ನು ಬೆಲ್ಟಿನಿಂದ ಎರಡು ಅಡಿಕೆ ಎತ್ತರಕ್ಕೆ ಎತ್ತಿದೆ. ಆಗಲೂ ಅದೇ ಮೂಲೆಮಟ್ಟ.

"ಬೇಕಂತಲೇ ಮಸುಕು ಮಾಡೂದಾ ತಮಾ?" ಅಡಿಕೆ ಆರಿಸುವ ಅಕ್ಕ ಪಕ್ಕದಲ್ಲೇ ನಿಂತು ಕೇಳಿದರು.

ಇದಕ್ಕೂ ಬೆಲೆ ತೆರಬೇಕು. ಮಸುಕು ತೆಗೆಯುವ ಲೆಕ್ಕ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಕಲಬೆರಕೆಯನ್ನೂ (ನಾಯ್ಸ್) ಜಾಸ್ತಿ ಮಾಡುತ್ತದೆ. ಮದುವೆ ಫೋಟೋಗೆ ನಾನಿದನ್ನು ಹೇಳುವುದಿಲ್ಲ. ಎಷ್ಟು ಸಣ್ಣ ಬಿರುಕು ನಮಗೆ ಮುಖ್ಯ ಎಂದು ಮೊದಲು ತೀರ್ಮಾನಿಸಿ, ಬಿಲ್ಲೆ ಎಷ್ಟು ಬಾಗಬೇಕೆಂದು ಆಮೇಲೆ ಆರಿಸಬೇಕು. ಆ ಅಳತೆಯನ್ನು ಅಕ್ಕನ ಹತ್ತಿರವೇ ಕೇಳಿದೆ. ಬುಟ್ಟಿಯಿಂದ ಒಂದು ಅಡಿಕೆ ತೆಗೆದು, ಉಗುರು ಎಳೆದು ತೋರಿಸಿದರು: "ಇಲ್ಲಿ ಉಗುರು ಸಿಕ್ಕಿಕೊಂಡ್ರೆ ಬೇರೆ ರಾಶಿಗೆ."