ಸ್ಲೋ ಪಿಚ್ ಅಂಪೈರಿಂಗ್: ಚೆಂಡು ಬಿದ್ದ ಜಾಗ ನೋಡಬೇಡಿ

ಸ್ಲೋ ಪಿಚ್ ಅಂದರೆ ಚೆಂಡನ್ನು ನಿಧಾನವಾಗಿ, ಕಮಾನಿನ ಹಾಗೆ ಎಸೆಯುವ ಸಾಫ್ಟ್‌ಬಾಲ್. ಮುಂದಿನ ವಾರದಿಂದ ಪ್ಲೇಟ್ (ಬ್ಯಾಟರ್ ಪಕ್ಕ ನೆಲದ ಮೇಲಿರುವ ಬಿಳಿ ಹಲಗೆ) ಹಿಂದೆ ನಾನೊಬ್ಬನೇ ಅಂಪೈರ್ ಆಗಿ ನಿಲ್ಲಬೇಕು. ಕಲಿತದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕ್ರಿಕೆಟ್ ನೋಡಿ ಬೆಳೆದು ಈಗ ಅಮೆರಿಕದಲ್ಲಿ ಸಾಫ್ಟ್‌ಬಾಲ್ ಅಂಪೈರಿಂಗ್ ಕಲಿಯುತ್ತಿರುವವರಿಗೆ ಇದು ಜಾಸ್ತಿ ಉಪಯೋಗ ಆಗಬಹುದು. ನಾನು ಓದುತ್ತಿರುವುದು ಯುಎಸ್‌ಎ ಸಾಫ್ಟ್‌ಬಾಲ್ ನಿಯಮ. ಬೇರೆ ಸಂಸ್ಥೆಗಳ ಅಳತೆ ಬೇರೆ ಇರುತ್ತದೆ. ನಿಮ್ಮ ಲೀಗ್ ಯಾವ ನಿಯಮದಲ್ಲಿ ಆಡುತ್ತದೆ ಅಂತ ಮೊದಲು ಕೇಳಿಕೊಳ್ಳಿ.

ಔಟ್, ಸೇಫ್, ಫೇರ್, ಫೌಲ್ ಎರಡು ಆಟ ನೋಡಿದರೆ ಬರುತ್ತವೆ, ಬಿಟ್ಟಿದ್ದೇನೆ. ಎರಡು ಮಾತ್ರ ನೆನಪಿಡಿ: ಎರಡು ಸ್ಟ್ರೈಕ್ (ಬ್ಯಾಟರ್ ವಿರುದ್ಧ ಲೆಕ್ಕಕ್ಕೆ ಹೋಗುವ ಎಸೆತ, ಮೂರಾದರೆ ಔಟ್) ಆದಮೇಲೆ ಫೌಲ್ (ಗೆರೆಯ ಹೊರಗೆ) ಹೊಡೆದರೆ ಬ್ಯಾಟರ್ ಔಟ್. ಬಂಟ್ ಮಾಡಿದರೂ, ಅಂದರೆ ಬೀಸದೆ ಸುಮ್ನೆ ಬ್ಯಾಟ್ ಒಡ್ಡಿ ಚೆಂಡು ತಾಗಿಸಿದರೂ ಔಟ್.

ಎತ್ತರ

ಪಿಚರ್ 50 ಅಡಿ ದೂರದಿಂದ ಕೈ ಕೆಳಗಿನಿಂದ ಎಸೆಯುತ್ತಾರೆ. ಚೆಂಡು ಕಮಾನಿನ ಹಾಗೆ ಮೇಲೆ ಹೋಗಿ ಇಳಿಯಬೇಕು. ಅದರ ತುದಿ ಕಡಿಮೆ ಅಂದರೆ 6 ಅಡಿ, ಹೆಚ್ಚೆಂದರೆ 10 ಅಡಿ. ಎರಡೂ ನೆಲದಿಂದ ಅಳೆಯುವುದು, ಕೈಯಿಂದ ಅಲ್ಲ. ಬಾಸ್ಕೆಟ್‌ಬಾಲ್ ರಿಂಗ್ ಸರಿಯಾಗಿ 10 ಅಡಿ ಎತ್ತರದಲ್ಲಿರುತ್ತದೆ. ಪಾರ್ಕಿನಲ್ಲಿ ಆ ರಿಂಗ್ ಕೆಳಗೆ ಐದು ನಿಮಿಷ ನಿಂತು ನೋಡಿ ಬನ್ನಿ. ಆಮೇಲೆ ಆ ರಿಂಗ್ ಪಿಚರ್‌ಗೂ ಪ್ಲೇಟ್‌ಗೂ ನಡುವೆ ನಿಮಗೇ ಕಾಣಿಸುತ್ತದೆ.

ಸ್ಟ್ರೈಕ್

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಕಳೆದ ಶನಿವಾರ ಅಭ್ಯಾಸದಲ್ಲಿ ಒಂದು ಚೆಂಡು ಬ್ಯಾಟರ್ ಎದೆಯ ಮುಂದೆ ಇಳಿದು, ಪ್ಲೇಟ್‌ನಿಂದ ಎರಡು ಹೆಜ್ಜೆ ಹಿಂದೆ ಬಿದ್ದು ಧೂಳೆಬ್ಬಿಸಿತು. ಕ್ಯಾಚರ್ ಪುಟಿದ ಮೇಲೆ ಹಿಡಿದರು. ಅಷ್ಟು ಹಿಂದೆ ಬಿತ್ತಲ್ಲ ಅಂತ ನಾನು 'ಬಾಲ್' (ಸ್ಟ್ರೈಕ್ ಅಲ್ಲದ, ಪಿಚರ್ ವಿರುದ್ಧ ಲೆಕ್ಕಕ್ಕೆ ಹೋಗುವ ಎಸೆತ) ಅಂದೆ. ಅದು ಸ್ಟ್ರೈಕ್. ಜೊತೆಗಿದ್ದ ಹಿರಿಯ ಅಂಪೈರ್ ಬ್ಯಾಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದರು.

ನಿಯಮ ಕೇಳುವುದು ಇಷ್ಟೇ: ಚೆಂಡು ಪ್ಲೇಟ್ ಮೇಲೆ ಹಾದುಹೋಗುವಾಗ ಬ್ಯಾಟರ್‌ನ ಹಿಂದಿನ ಭುಜಕ್ಕೂ ಮುಂದಿನ ಮೊಣಕಾಲಿಗೂ ನಡುವೆ ಇತ್ತಾ? ಆಮೇಲೆ ಎಲ್ಲಿ ಬಿದ್ದರೂ ಲೆಕ್ಕಕ್ಕಿಲ್ಲ.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 10 ಅಡಿ ತುದಿಯಿಂದ ಇಳಿಯುವ ಚೆಂಡು ಪ್ಲೇಟ್ ಮೇಲೆ ಮೊಣಕಾಲಿನ ಎತ್ತರದಲ್ಲಿದ್ದರೆ ಸುಮಾರು 2 ಅಡಿ ಹಿಂದೆ ಬೀಳುತ್ತದೆ. ಭುಜದ ಎತ್ತರದಲ್ಲಿದ್ದರೆ 7-8 ಅಡಿ ಹಿಂದೆ. ಎರಡೂ ಸ್ಟ್ರೈಕೇ! ಬಿದ್ದ ಜಾಗ ನೋಡಿ ತೀರ್ಪು ಕೊಟ್ಟರೆ ಎತ್ತರದ ಒಳ್ಳೆಯ ಎಸೆತಗಳೆಲ್ಲ ಪಿಚರ್ ಕೈತಪ್ಪಿ ಹೋಗುತ್ತವೆ. ಅವರಿಗೆ ಅನ್ಯಾಯ ಅಲ್ವಾ?

ಎಲ್‌ಬಿಡಬ್ಲ್ಯೂ ನೋಡಿ ಬೆಳೆದ ಕಣ್ಣು ಚೆಂಡು ಎಲ್ಲಿ ಪಿಚ್ ಆಯಿತು ಅಂತಲೇ ಹುಡುಕುತ್ತದೆ. ನಾನು ಈಗ ಮಾಡುವುದು: ಚೆಂಡು ಪ್ಲೇಟ್ ದಾಟಿದ ಕ್ಷಣವನ್ನು ಫೋಟೋ ಹಾಗೆ ಹಿಡಿದು, ಮನಸ್ಸಿನಲ್ಲಿ 'ಒಂದು' ಎಣಿಸಿ, ಆಮೇಲೆ ಕೂಗುವುದು. ಧೂಳಿನ ಕಡೆ ನೋಡುವುದೇ ಇಲ್ಲ.

ಕೆಲವು ಲೀಗ್‌ಗಳಲ್ಲಿ ಪ್ಲೇಟ್ ಹಿಂದೆ ಮ್ಯಾಟ್ ಹಾಸುತ್ತಾರೆ. ಮ್ಯಾಟ್ ಮೇಲೆ ಬಿದ್ದರೆ ಸ್ಟ್ರೈಕ್. ಅಲ್ಲಿ ಮಾತ್ರ ಬಿದ್ದ ಜಾಗ ನೋಡಲೇಬೇಕು.

ಇಲ್ಲೀಗಲ್ ಪಿಚ್

ಇಲ್ಲೀಗಲ್ ಪಿಚ್ ಅಂದರೆ ನಿಯಮ ಮೀರಿದ ಎಸೆತ. ಇದನ್ನು ಕ್ರಿಕೆಟ್ಟಿನ ನೋಬಾಲ್ ಅಂತ ತಿಳಿಯಬೇಡಿ. ನೋಬಾಲ್‌ಗೆ ಸಿಕ್ಸ್ ಹೊಡೆದರೂ ನೋಬಾಲ್ ನೋಬಾಲೇ. ಇಲ್ಲಿ ಹಾಗಲ್ಲ. ಚೆಂಡು 10 ಅಡಿ ದಾಟಿದರೆ ಅದಿನ್ನೂ ಗಾಳಿಯಲ್ಲಿದ್ದಾಗಲೇ 'ಇಲ್ಲೀಗಲ್' ಅಂತ ಕೂಗಿ ಎಡಗೈ ಪಕ್ಕಕ್ಕೆ ಚಾಚಬೇಕು. ಬ್ಯಾಟರ್ ಸುಮ್ನೆ ಬಿಟ್ಟರೆ ಒಂದು 'ಬಾಲ್' ಸಿಗುತ್ತದೆ. ಬ್ಯಾಟ್ ಬೀಸಿದರೆ ಇಲ್ಲೀಗಲ್ ರದ್ದು, ಆದದ್ದೆಲ್ಲ ಆಟದಲ್ಲೇ: ಹಿಟ್ ಆದರೆ ಹಿಟ್, ಕ್ಯಾಚ್ ಆದರೆ ಔಟ್. ತಡವಾಗಿ ಕೂಗಿದರೆ ಬೀಸಬೇಕೋ ಬಿಡಬೇಕೋ ಅಂತ ಯೋಚಿಸುವ ಅವಕಾಶ ಬ್ಯಾಟರ್‌ಗೆ ಇರುವುದಿಲ್ಲ. ಚೆಂಡು ಗಾಳಿಯಲ್ಲಿ ಇರುವುದು ಒಂದೂವರೆ ಸೆಕೆಂಡಿಗೂ ಕಡಿಮೆ. ಅದಕ್ಕೇ ಸ್ಟ್ರೈಕ್ ಕೂಗಲು ಕಾಯಿರಿ, ಇಲ್ಲೀಗಲ್ ಕೂಗಲು ಕಾಯಬೇಡಿ.